ಎತ್ತಿಗೆ ಜ್ವರ, ಎಮ್ಮೆಗೆ ಬರೆ

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗೆ ಮೊದಲು ನಿದಾನವೆಂಬುದೊಂದುಂಟು. ರೋಗ ಯಾವುದು, ಅದು ಎಲ್ಲಿ ಹುಟ್ಟಿ ಎಲ್ಲಿ ತಲೆದೋರಿದೆ ಎಂಬುದನ್ನು ಗೊತ್ತುಮಾಡಿಕೊಳ್ಳತಕ್ಕ ಕೆಲಸವದು. ಮಾಧವನಿದಾನವೆಂಬ ಪ್ರಸಿದ್ಧ ಗ್ರಂಥವು ಇದೊಂದು ವಿಷಯಕ್ಕೇ ಮೀಸಲಾದುದು. ಹೀಗೆ ರೋಗನಿರ್ಣಯಕ್ಕೆಂದೇ ಒಂದು ಗ್ರಂಥವನ್ನು ಪಡೆದ ನಾಡಿನಲ್ಲಿ ಮೋಟಾರು ಕಾರಿನ ಮಟ್ಟಿಗೆ ಮಾತ್ರ ನಾವು ನೆಟ್ಟಗೆ ಚಿಕಿತ್ಸೆಗೇ ಕೈಯಿಕ್ಕುತ್ತೇವೆ. ಕಾರಿನೊಳಗೆ ತಂಪು ಸಾಲದೆ? ‘ಗ್ಯಾಸು ಹೋಗಿದೆ, ತುಂಬಿಸಿ.’ ಎಂಜಿನು ಕಾಯಿತೆ? ‘ನೀರು ಹೊಯ್ಯಿರಿ.’ ಈ ಎರಡು ಮಾತುಗಳಲ್ಲಿ ಊರಿನ ಅರ್ಧ ರಿಪೇರಿಯೆಲ್ಲ ಮುಗಿದುಹೋಗುತ್ತದೆ. ಮರುವರ್ಷದ ಬೇಸಗೆಗೆ ಅದೇ ಕಾರು ಅದೇ ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ಕಟ್ಟಿದವನು ಕಾರನ್ನು ಕಂಡವನಲ್ಲ. ಕಂಡಿದ್ದರೂ ಆ ಗಾದೆಯ ಒಂದಕ್ಷರವನ್ನೂ ತಿದ್ದುವ ಅವಶ್ಯಕತೆ ಅವನಿಗೆ ತೋರುತ್ತಿರಲಿಲ್ಲ.

ನಾನು ಯಂತ್ರಕರ್ಮದವನಲ್ಲ. ಪ್ರೌಢಶಾಲೆಯಲ್ಲಿ ಭೌತವಿಜ್ಞಾನದ ಪಾಠ ಹೇಳಿ ವಿಶ್ರಾಂತಿ ಪಡೆದವನು. ನಮ್ಮ ತಂದೆಯವರಾದರೋ ಹಳೆಯ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರು. ನಮ್ಮಿಬ್ಬರ ನಡುವೆ ಬಹುಕಾಲದಿಂದ ಒಂದು ವ್ಯಾಜ್ಯವಿದೆ. ನೀರಿಗೆ ಶೀತಸ್ಪರ್ಶ, ತೇಜಸ್ಸಿಗೆ ಉಷ್ಣಸ್ಪರ್ಶ, ಪೃಥಿವಿಗೂ ವಾಯುವಿಗೂ ಇವೆರಡೂ ಅಲ್ಲದ ಸ್ಪರ್ಶ ಎಂದು ಅವರ ಶಾಸ್ತ್ರದ ವಿಭಾಗ. ಅಂದರೆ ಉಷ್ಣದಂತೆ ಶೀತವೂ ಸ್ವತಂತ್ರವಾದೊಂದು ಗುಣ. ಆದರೆ ಕತ್ತಲೆಯ ಪ್ರಸ್ತಾಪ ಬಂದಾಗ ಅದೇ ಶಾಸ್ತ್ರಕಾರರು, ಕತ್ತಲೆಯೆಂಬ ಬೇರೆ ದ್ರವ್ಯವೇ ಇಲ್ಲ, ತೇಜಸ್ಸಿನ ಅಭಾವಕ್ಕೆ ಆ ಹೆಸರು ಎಂದು ಸಾಧಿಸುತ್ತಾರೆ. ಕತ್ತಲೆಗೆ ನೀವು ಹೇಳಿದ್ದನ್ನೇ ನಾವು ಶೀತಕ್ಕೂ ಹೇಳುತ್ತೇವೆ, ಅಷ್ಟೆ, ಎಂದು ನನ್ನ ವಾದ. ಅವರು ಇದನ್ನು ಇನ್ನೂ ಒಪ್ಪಿಲ್ಲ. ಒಪ್ಪದಿದ್ದರೂ ಚಿಂತೆಯಿಲ್ಲ, ಕಾರಿನ ವಿಷಯದಲ್ಲಿ ಇದನ್ನು ಹಿಡಿದುಕೊಂಡರೆ ಅರ್ಧ ನಿದಾನ ಮುಗಿದಂತೆಯೇ. ಕಾರಿನಲ್ಲಿ ತಂಪನ್ನು ತಯಾರಿಸುವ ಯಂತ್ರ ಯಾವುದೂ ಇಲ್ಲ. ಇರುವುದು ಉಷ್ಣವನ್ನು ಒಂದೆಡೆಯಿಂದ ಹೊತ್ತು ಇನ್ನೊಂದೆಡೆ ಇಳಿಸುವ ಹಮಾಲಿಗಳು. ತಂಪು ಬಾರದಿದ್ದರೆ ಉಷ್ಣವು ದಾರಿಯಲ್ಲಿ ಎಲ್ಲಿ ತಡೆಯಿತೆಂದು ಹುಡುಕಬೇಕು.

ಎಂಜಿನಿನಲ್ಲಿ ಉರಿದ ಎಣ್ಣೆಯ ಶಕ್ತಿಯಲ್ಲಿ ಸರಿಸುಮಾರು ಮೂರರಲ್ಲೊಂದು ಪಾಲು, ಎಷ್ಟೋ ವೇಳೆ ಅದಕ್ಕೂ ಕಡಮೆ, ಚಕ್ರಗಳನ್ನು ತಿರುಗಿಸುವ ಕೆಲಸಕ್ಕೆ ದೊರೆಯುತ್ತದೆ. ಉಳಿದುದರಲ್ಲಿ ಒಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಇನ್ನೊಂದು ಪಾಲು ಎಂಜಿನಿನ ಮೈಯನ್ನು ಕಾಯಿಸುತ್ತದೆ. ಈ ಕೊನೆಯ ಪಾಲನ್ನು ಹೊರಕ್ಕೆ ಸಾಗಿಸದಿದ್ದರೆ ಲೋಹವೇ ಸೊಟ್ಟಗಾಗಿ ಎಂಜಿನು ಕೆಡುತ್ತದೆ. ಮೊದಲ ಕಾಲದ ಕಾರುಗಳು ನೀರನ್ನು ಕುದಿಸಿ ಆವಿಯಾಗಿ ಬಿಟ್ಟೇ ಈ ಕೆಲಸವನ್ನು ನಡೆಸುತ್ತಿದ್ದವು. 1888ರಲ್ಲಿ ಬೆರ್ತಾ ಬೆನ್ಜ್ ಎಂಬ ಸಾಹಸಿಯಾದ ಗೃಹಿಣಿ ತನ್ನ ಗಂಡನು ನಿರ್ಮಿಸಿದ ಕಾರಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ನೂರು ಕಿಲೋಮೀಟರಿಗೂ ಮೀರಿದ ದೂರ, ಪ್ರಯಾಣ ಮಾಡಿದಾಗ ದಾರಿಯುದ್ದಕ್ಕೂ ಯಂತ್ರಕ್ಕೆ ನೀರುಣಿಸುತ್ತ ಹೋಗಬೇಕಾಯಿತು. ಅನಂತರ ವಿಲ್ಹೆಲ್ಮ್ ಮೇಬಾಖ್ ಎಂಬ ಶಿಲ್ಪಿ 1901ರ ಮರ್ಸಿಡೀಸ್ ಕಾರಿಗಾಗಿ ಜೇನುಗೂಡಿನಂತಹ ರೇಡಿಯೇಟರನ್ನು ರೂಪಿಸಿದನು. ಒಂದೇ ನೀರು ಎಂಜಿನಿನಲ್ಲಿ ಕಾಯ್ದು, ಗೂಡಿನಲ್ಲಿ ಗಾಳಿಗೆ ಆರಿ, ಮತ್ತೆ ಎಂಜಿನಿಗೆ ಹಿಂದಿರುಗುವ ಏರ್ಪಾಡು ಅಂದಿನಿಂದ ಇಂದಿನವರೆಗೂ ಮೂಲತಃ ಹಾಗೆಯೇ ನಡೆದುಬಂದಿದೆ. ನೀರನ್ನು ನೂಕಲು ಒಂದು ಪಂಪು. ಎಂಜಿನು ಬೆಚ್ಚಗಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದಿರಲು ಥರ್ಮೋಸ್ಟಾಟೆಂಬ ಬಾಗಿಲು. ಆ ಬಾಗಿಲಿನೊಳಗೆ ಒಂದು ಬಿಲ್ಲೆ ಮೇಣವಿದೆ. 80ರಿಂದ 90 ಡಿಗ್ರಿಯ ನಡುವೆ ಅದು ಕರಗಿ ಉಬ್ಬಿ ಕದವನ್ನು ತೆರೆಯುತ್ತದೆ. ವಿದ್ಯುತ್ತು ಬೇಡ, ಆಳು ಬೇಡ. ನಾನು ಕಂಡ ಯಂತ್ರಭಾಗಗಳಲ್ಲಿ ಇಷ್ಟು ವಿನಯಶೀಲವಾದುದು ಇನ್ನೊಂದಿಲ್ಲ.

ಹೀಟರೆಂಬುದೂ ಈ ಸಂಸಾರದ ಮಗುವೇ. ನಮ್ಮ ಸೀಮೆಯಲ್ಲಿ ಎಷ್ಟೋ ಜನರಿಗೆ ತಮ್ಮ ಕಾರಿನಲ್ಲಿ ಅದೊಂದಿದೆಯೆಂಬ ಅರಿವೇ ಇಲ್ಲ. ಕೊಡಗಿನಲ್ಲಿಯೂ ಬಾಬಾಬುಡನ್‌ಗಿರಿಯ ಸುತ್ತಿನಲ್ಲಿಯೂ ಧನುರ್ಮಾಸದ ಬೆಳಗಿನಲ್ಲಿ ಯಾರಾದರೂ ಉಪಯೋಗಿಸಿದರೆ ಉಂಟು. ಮುಂದಿನ ಹಲಗೆಯ ಹಿಂದೆ ಪುಟ್ಟದೊಂದು ರೇಡಿಯೇಟರು ಅಡಗಿ ಕುಳಿತಿರುತ್ತದೆ. ಎಂಜಿನಿನ ಬಿಸಿನೀರೇ ಅದರ ಮೂಲಕವೂ ಹರಿಯುತ್ತದೆ. ಅದರ ಮೇಲೆ ಬೀಸಿದ ಗಾಳಿ ಬೆಚ್ಚಗಾಗಿ ಒಳಕ್ಕೆ ಬರುತ್ತದೆ. ಇದಕ್ಕೆ ಬೇರೆ ಒಲೆಯಿಲ್ಲ, ಬೇರೆ ಸೌದೆಯಿಲ್ಲ. ಎಂಜಿನು ಹೇಗೂ ಬಿಸಾಡುವ ಉಷ್ಣದಲ್ಲಿ ಒಂದು ಬೊಗಸೆ, ಅಷ್ಟೆ. ಈ ಅಂಶವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಇನ್ನು ಜನರು ಏಸಿ ಎನ್ನುವ ತಂಪುಯಂತ್ರ. ಅಮೆರಿಕದ ಪ್ಯಾಕರ್ಡ್ ಕಂಪೆನಿಯವರು 1940ರ ತಮ್ಮ ಕಾರುಗಳಲ್ಲಿ ಇದನ್ನು ಮೊದಲು ಮಾರಾಟಕ್ಕಿಟ್ಟರು. ಅದನ್ನು ನಿಲ್ಲಿಸಲು ಒಳಗೊಂದು ಗುಂಡಿಯಿರಲಿಲ್ಲವಂತೆ. ಚಳಿಯಾದರೆ ಯಜಮಾನನು ಎಂಜಿನನ್ನು ನಿಲ್ಲಿಸಿ, ಕೆಳಗಿಳಿದು, ಬಾನೆಟ್ಟನ್ನೆತ್ತಿ, ಪಟ್ಟಿಯನ್ನು ಕಳಚಬೇಕಾಗಿತ್ತು! ಯಂತ್ರದ ತತ್ತ್ವವಾದರೋ ಗಡಿಗೆಯ ನೀರು ಒಸರಿ ಆರಿ ತಂಪಾಗುವ ತತ್ತ್ವವೇ. ಕೊಳವೆಯಲ್ಲಿರುವ ದ್ರವವು ಒಳಗಿನ ಜಾಲರಿಯಲ್ಲಿ ಆವಿಯಾಗುವಾಗ ನಮ್ಮ ಸುತ್ತಲಿನ ಉಷ್ಣವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ, ಕಂಡೆನ್ಸರೆಂಬ ಹೊರಗಿನ ಜಾಲರಿಗೆ ತಳ್ಳುತ್ತದೆ. ಅಲ್ಲಿ ಅದು ಹೀರಿದ್ದನ್ನೆಲ್ಲ ಹೊರಗಾಳಿಗೆ ಕಕ್ಕಿ ಮತ್ತೆ ದ್ರವವಾಗುತ್ತದೆ. ಗ್ಯಾಸೆಂದು ಕರೆಯುವುದು ಈ ವಸ್ತುವನ್ನೇ. ಅದು ಎಣ್ಣೆಯಂತೆ ಉರಿದು ತೀರತಕ್ಕದ್ದಲ್ಲ. ಸಣ್ಣ ಕಾರಿನಲ್ಲಿ ಅರ್ಧ ಕಿಲೋಗ್ರಾಮಿನ ಆಸುಪಾಸು ಇರುತ್ತದೆ. ಕೊಳವೆಗಳು ಭದ್ರವಾಗಿದ್ದರೆ ವರ್ಷಾನುಗಟ್ಟಲೆ ಹಾಗೆಯೇ ಇರಬೇಕು. ಕಡಮೆಯಾಗಿದ್ದರೆ ಎಲ್ಲಿಯೋ ಸೋರಿದೆಯೆಂದೇ ಅರ್ಥ. ಸೋರಿದ ಸ್ಥಳವನ್ನು ಹುಡುಕದೆ ವರ್ಷವರ್ಷವೂ ತುಂಬಿಸುವುದು ತೂತು ಬಿದ್ದ ಕೊಡವನ್ನು ಬಾವಿಗೆ ಇಳಿಸಿ ಸೇದಿದಂತೆ. ಅದು ಕೈಯಿನ ಹಣಕ್ಕೆ ಮಾತ್ರ ಸಂಬಂಧಪಟ್ಟದ್ದೂ ಅಲ್ಲ. ಮೊದಲು ಬಳಸುತ್ತಿದ್ದ ಗ್ಯಾಸು ಆಕಾಶದ ಓಜೋನ್ ಪದರವನ್ನು ಕೊರೆಯುತ್ತದೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಅದನ್ನು ಕೈಬಿಟ್ಟರು. ಅದರ ಬದಲು ಬಂದದ್ದು ಓಜೋನನ್ನು ಮುಟ್ಟುವುದಿಲ್ಲ. ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ತೂಕಕ್ಕೆ ತೂಕ ಇಂಗಾಲಾಮ್ಲಕ್ಕಿಂತ ಸಾವಿರ ಪಾಲಿಗೂ ಮಿಗಿಲು. ಊರು ಕಾಯುವ ವಸ್ತುವನ್ನು ಗಾಳಿಗೆ ಬಿಟ್ಟು ಕಾರಿನೊಳಗೆ ತಂಪಾಗಿ ಕುಳಿತಿರುವುದು ಅಷ್ಟೇನೂ ಶೋಭಿಸುವ ಕೆಲಸವಲ್ಲ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯಿದೆ. ಕಾರಿನ ಮೋರೆಯಲ್ಲಿ ಎಲ್ಲಕ್ಕೂ ಮುಂದೆ ಕಂಡೆನ್ಸರು. ಅದರ ಬೆನ್ನಿಗೆ ಅಂಟಿದಂತೆ ರೇಡಿಯೇಟರು. ಅದರ ಹಿಂದೆ ಬೀಸಣಿಗೆ. ನಮ್ಮ ಮೈಯ ಉಷ್ಣವೂ ಎಂಜಿನಿನ ಉಷ್ಣವೂ ಕಟ್ಟಕಡೆಗೆ ಒಂದೇ ಗವಾಕ್ಷಿಯ ಮೂಲಕ, ಒಂದೇ ಗಾಳಿಯ ಹೆಗಲೇರಿ, ಹೊರಕ್ಕೆ ಹೋಗಬೇಕು. ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ಸಾಕು. ನಿಧಾನವಾದಾಗ ಬೀಸಣಿಗೆಯಲ್ಲದೆ ಅನ್ಯ ಗತಿಯಿಲ್ಲ.

ಕಳೆದ ಚೈತ್ರಮಾಸದ ಮಾತು. ನಮ್ಮ ತಂದೆಯವರು, ಎಂಬತ್ತೈದನ್ನು ದಾಟಿದವರು, ಹೃದಯದ ತೊಂದರೆಗಾಗಿ ಕರಾವಳಿಯ ಆಸ್ಪತ್ರೆಯೊಂದರಲ್ಲಿ ಹನ್ನೆರಡು ದಿನವಿದ್ದು ಮನೆಗೆ ಹೊರಟಿದ್ದರು. ಸೆಕೆಯಲ್ಲಿ ಬಳಲಿಸಬಾರದು, ಮೈಯ ನೀರು ಆರಗೊಡಬಾರದು ಎಂದು ವೈದ್ಯರು ಎರಡೆರಡು ಸಲ ಹೇಳಿ ಕಳುಹಿಸಿದರು. ನಮ್ಮದು ಹನ್ನೊಂದು ವರ್ಷದ ಕಾರು. ತಿಂಗಳಿನ ಹಿಂದೆ ಪೇಟೆಬೀದಿಯಲ್ಲಿ ತಂಪು ಸಾಲದೆನಿಸಿದ್ದರಿಂದ ಒಂದು ರಿಪೇರಿಯಂಗಡಿಗೆ ಒಯ್ದಿದ್ದೆವು. ಅಂಗಡಿಯ ಹೆಸರು ಇಲ್ಲಿ ಬೇಡ. ಅವರು ಬಾನೆಟ್ಟನ್ನೆತ್ತುವುದಕ್ಕೆ ಮುಂಚೆಯೇ ‘ಗ್ಯಾಸು’ ಎಂದು ತೀರ್ಪಿತ್ತು, ತುಂಬಿಸಿ, ಹಣ ಪಡೆದಿದ್ದರು. ಉಡುಪಿಯಿಂದ ಹೆಬ್ರಿಯವರೆಗೆ ಕಾರಿನಲ್ಲಿ ಹಿತವಾದ ತಂಪಿತ್ತು; ತಂದೆಯವರು ಶಾಲು ಹೊದ್ದು ಮಲಗಿದ್ದರು. ಸೋಮೇಶ್ವರದಲ್ಲಿ ಯಾವುದೋ ಕಾರಣದಿಂದ ಗಾಡಿಗಳು ಸಾಲುಗಟ್ಟಿ ನಿಂತಾಗ ಗಾಳಿ ಬೆಚ್ಚಗಾಯಿತು. ಅಲ್ಲಿಂದ ಮುಂದೆ ಆಗುಂಬೆಯ ಘಟ್ಟ, ಹದಿನಾಲ್ಕು ತಿರುವು.

ಘಟ್ಟವೇರುವಾಗ ಎಂಜಿನಿಗೆ ದುಡಿಮೆ ಅತ್ಯಧಿಕ, ಎದುರುಗಾಳಿ ಅತ್ಯಲ್ಪ. ಅಂಬಾಸಿಡರ್ ಕಾರುಗಳ ಕಾಲದಲ್ಲಿ — ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು — ಡಬ್ಬಿಯಲ್ಲಿ ನೀರಿಲ್ಲದೆ ಘಟ್ಟ ಹತ್ತುವವರೇ ಇರಲಿಲ್ಲ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮೂತಿಯಿಂದ ಆವಿಯಾಡುತ್ತಿರುವ ಕಾರನ್ನು ಝರಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು ಬೀಡಿ ಸೇದುವ ಚಾಲಕರು ಆಗಿನ ಘಟ್ಟದ ದೃಶ್ಯಗಳಲ್ಲೊಂದು. ಈಚಿನ ಕಾರುಗಳು ಆ ಅಭ್ಯಾಸವನ್ನು ಮರೆಸಿವೆ. ನಾಲ್ಕನೆಯ ತಿರುವಿನಲ್ಲಿ ನಮ್ಮ ಕಾರಿನ ಉಷ್ಣದ ಮುಳ್ಳು ಎಂದಿನ ನಡುಸ್ಥಾನವನ್ನು ಬಿಟ್ಟು ಮೇಲೇರಿತು. ಐದನೆಯದರಲ್ಲಿ ಕೆಂಪುಗೆರೆಯ ಸಮೀಪಕ್ಕೆ ಬಂದಿತು. ತಂಪುಯಂತ್ರವನ್ನು ನಿಲ್ಲಿಸಿ, ಕಿಟಕಿಗಳನ್ನಿಳಿಸಿ, ಹೀಟರನ್ನು ಪೂರ್ತಿಯಾಗಿ ತಿರುಗಿಸಿದೆ. ಕಾರನ್ನು ನಡೆಸುತ್ತಿದ್ದ ನೆರೆಮನೆಯ ಹುಡುಗನು ನನಗೆ ಭ್ರಮೆಯಾಯಿತೆಂದೇ ಬಗೆದನು. ಗಾಳಿದ್ವಾರಗಳಿಂದ ಬೆಂಕಿಯಂತಹ ಗಾಳಿ ನುಗ್ಗಿತು. ನನಗೆ ಅದರಿಂದ ಸಮಾಧಾನವಾಯಿತು.

ಏಕೆಂದರೆ ಆ ಬಿಸಿಗಾಳಿಯು ಎರಡು ಸಂಗತಿಗಳನ್ನು ತಿಳಿಸಿತು: ಎಂಜಿನಿನಲ್ಲಿ ನೀರಿದೆ, ಪಂಪು ಅದನ್ನು ತಿರುಗಿಸುತ್ತಿದೆ. ಮುಳ್ಳು ಮೇಲೇರುತ್ತಿದ್ದು ಹೀಟರಿನಿಂದ ತಣ್ಣನೆಯ ಗಾಳಿ ಬಂದಿದ್ದರೆ, ನೀರು ಸೋರಿಹೋಗಿದೆ ಅಥವಾ ಪಂಪು ನಿಂತಿದೆ ಎಂದು ತಿಳಿದು ಆ ಕ್ಷಣವೇ ಎಂಜಿನನ್ನು ಆರಿಸಬೇಕಾಗಿತ್ತು. ಇನ್ನೊಂದು ತಿರುವು ಏರಿದ್ದರೂ ಎಂಜಿನು ಹೋದಂತೆಯೇ. ಹೀಟರು ಬಿಸಿಯಾಗಿದ್ದರೆ ಅದೇ ಒಂದು ಉಪಕಾರಿಯಾದ ಎರಡನೆಯ ರೇಡಿಯೇಟರು. ಆದರೆ ಎಂಜಿನಿನ ಬೇಗೆಯನ್ನೆಲ್ಲ ಅದು ತಂದು ಸುರಿಯುತ್ತಿದ್ದುದು ಯಾರ ಮೈಮೇಲೆ? ಸೆಕೆ ತಾಕಗೊಡಬೇಡಿರೆಂದು ಎರಡು ಸಲ ಹೇಳಿಸಿಕೊಂಡು ತಂದ ರೋಗಿಯ ಮೈಮೇಲೆ. ಹಿಂದಿನ ಸೀಟಿನಿಂದ ಮಾತು ಬಂದಿತು: ‘ನಿನ್ನ ಶಾಸ್ತ್ರದಲ್ಲಿ ಬೇಸಗೆಗೆ ಇದೇನಯ್ಯ ಪ್ರಯೋಗ?’ ದನಿ ಸಣ್ಣಗಿತ್ತು, ತುಟಿ ಒಣಗಿತ್ತು. ಎಂಜಿನು ಉಳಿಯುವ ಉಪಾಯಕ್ಕೂ ಅವರು ಉಳಿಯುವ ಉಪಾಯಕ್ಕೂ ಹೊಂದಿಕೆಯಿರಲಿಲ್ಲ. ಮುಂದೆ ಸ್ವಲ್ಪ ಅಗಲವಾದ ಸ್ಥಳ ಕಂಡೊಡನೆ ನಿಲ್ಲಿಸಿದೆವು.

ಹೆಂಡತಿಯು ಅವರನ್ನು ಇಳಿಸಿ ಮರದ ನೆರಳಿನಲ್ಲಿ ಕೂರಿಸಿ, ಒದ್ದೆ ಬಟ್ಟೆಯಿಂದ ಮೋರೆಯನ್ನೊರಸಿ, ಗುಟುಕು ಗುಟುಕಾಗಿ ನೀರು ಕುಡಿಸಿದಳು. ಅಷ್ಟರಲ್ಲಿ ಹುಡುಗನು ಟವಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದ್ದನು. ಕೂಗಿ ತಡೆದೆ. ಆ ಮುಚ್ಚಳವು ಒಳಗಿನ ನೀರನ್ನು ಹೊರಗಿನ ವಾಯುಭಾರಕ್ಕಿಂತ ಸುಮಾರು ಇನ್ನೊಂದರಷ್ಟು ಹೆಚ್ಚಿನ ಒತ್ತಡದಲ್ಲಿ ಹಿಡಿದಿರುತ್ತದೆ; ಆದಕಾರಣ 100 ಡಿಗ್ರಿಯನ್ನು ದಾಟಿದರೂ ಅದು ಕುದಿಯದೆ ದ್ರವವಾಗಿಯೇ ಇರುತ್ತದೆ. ಮುಚ್ಚಳ ತೆರೆದ ಕ್ಷಣದಲ್ಲಿ ಒತ್ತಡ ಬಿಡುತ್ತದೆ. ನೀರು ಒಮ್ಮೆಗೇ ಆವಿಯಾಗಿ ಕಾರಂಜಿಯಂತೆ ಮೋರೆಗೆ ಹಾರುತ್ತದೆ. ಟವಲು ಅದನ್ನು ತಡೆಯಲಾರದು. ಹಾಗೆ ಬೆಂದವರನ್ನು ನಾನು ಕಂಡಿದ್ದೇನೆ. ಒಬ್ಬನ ಒಂದು ಕಣ್ಣು ಹಿಂದಿರುಗಲಿಲ್ಲ. ಎಂಜಿನು ಆರಿ, ಮುಚ್ಚಳವು ಬರಿಗೈಗೆ ಸುಡದಂತಾಗುವವರೆಗೆ ಅದನ್ನು ಮುಟ್ಟಲಾಗದು. ಆ ಹೊತ್ತನ್ನು ಕಾಯದೆ ಬೇರೆ ದಾರಿಯಿಲ್ಲ.

ಕಾಯುವಾಗ ಬಾನೆಟ್ಟಿನ ಕೆಳಗೆ ನೋಡಿದೆ. ಅಷ್ಟು ಕಾಯ್ದ ಎಂಜಿನಿನ ಮುಂದೆ ಬೀಸಣಿಗೆ ಸೊಂಯ್ಯೆಂದು ತಿರುಗುತ್ತಿರಬೇಕು. ಎಷ್ಟೋ ಕಾರುಗಳಲ್ಲಿ ಎಂಜಿನನ್ನು ಆರಿಸಿದ ಮೇಲೂ ಸ್ವಲ್ಪ ಹೊತ್ತು ಅದು ತಿರುಗುವುದುಂಟು. ಕೀಲಿಯನ್ನು ತಿರುಗಿಸಿ ನೋಡಿದರೂ ನಮ್ಮದು ಗೋಡೆಯ ಮೇಲಿನ ಚಿತ್ರದಂತೆ ನಿಶ್ಚಲವಾಗಿತ್ತು. ಹೆಬ್ರಿಯವರೆಗೆ ತಂಪು, ಸೋಮೇಶ್ವರದಲ್ಲಿ ಬಿಸಿ, ತಿಂಗಳ ಹಿಂದೆ ಪೇಟೆಬೀದಿಯಲ್ಲಿ ಅದೇ ದೂರು, ಈಗ ಘಟ್ಟದಲ್ಲಿ ಎಂಜಿನಿನ ಕಾವು — ನಾಲ್ಕು ರೋಗಗಳಂತೆ ತೋರಿದ್ದು ಒಂದೇ ರೋಗವಾಗಿತ್ತು. ವೇಗದಲ್ಲಿ ತಂಪಾಗಿದ್ದು ನಿಂತಾಗ ಬಿಸಿಯಾಗುವ ಕಾರಿನಲ್ಲಿ ಗ್ಯಾಸಿಗಿಂತ ಮೊದಲು ಬೀಸಣಿಗೆಯನ್ನು ಸಂದೇಹಿಸಬೇಕು. ಇಷ್ಟೂ ತಿಳಿದ ಮೇಲೆ ಆ ಅಂಗಡಿಯವರ ಮೇಲೆ ನನಗೆ ಬಂದ ಕೋಪವನ್ನು ಇಲ್ಲಿ ಬರೆಯಲಾರೆ. ಅದು ಹಣದ ಮಾತಾಗಿರಲಿಲ್ಲ; ಅಲ್ಲಿ ಮರದ ಕೆಳಗೆ ನಮ್ಮಪ್ಪ ಕಣ್ಣುಮುಚ್ಚಿ ಕುಳಿತಿದ್ದರು.

ಶೃಂಗೇರಿಗೆ ಹೊರಟಿದ್ದ ಒಂದು ಕುಟುಂಬದವರು ತಾವಾಗಿಯೇ ಕಾರು ನಿಲ್ಲಿಸಿ ವಿಚಾರಿಸಿ, ತಂದೆಯವರನ್ನೂ ನನ್ನ ಹೆಂಡತಿಯನ್ನೂ ಆಗುಂಬೆಯವರೆಗೆ ಕರೆದೊಯ್ದರು. ಅವರ ಹೆಸರನ್ನು ಕೇಳುವಷ್ಟು ವ್ಯವಧಾನವೂ ನಮಗಿರಲಿಲ್ಲ. ಮುಕ್ಕಾಲು ಗಂಟೆಗೂ ಮೀರಿ ಕಾದು, ಮುಚ್ಚಳ ತೆರೆದು, ಕುಡಿಯುವ ನೀರನ್ನೇ ಒಂದಿಷ್ಟು ಹೊಯ್ದು, ನಾನೂ ಹುಡುಗನೂ ಹೊರಟೆವು: ಕಿಟಕಿಗಳೆಲ್ಲ ತೆರೆದು, ಹೀಟರು ಪೂರ್ಣವಾಗಿ ಉರಿಯುತ್ತ, ಎರಡು ಕಡೆ ನಿಂತು. ಅಂಗಿ ಮೈಗಂಟಿ ಹಿಂಡುವಂತಾಯಿತು. ಮುಳ್ಳು ಮಾತ್ರ ಕೆಂಪನ್ನು ಮುಟ್ಟಲಿಲ್ಲ. ಮೇಲೆ ತಲುಪಿದಾಗ ತಂದೆಯವರು ಒಂದು ಮನೆಯ ಜಗಲಿಯಲ್ಲಿ ಮಜ್ಜಿಗೆಯ ಲೋಟ ಹಿಡಿದು ಕುಳಿತಿದ್ದರು. ನಮ್ಮಿಬ್ಬರ ಅವತಾರವನ್ನು ನೋಡಿ, ‘ಶೀತವೆಂಬುದು ಇಲ್ಲವೆಂದೆಯಲ್ಲ, ಈ ಲೋಟದಲ್ಲಿರುವುದೇನು?’ ಎಂದರು. ಆಗ ನನಗೆ ಜೀವ ಬಂದಂತಾಯಿತು.

ತೀರ್ಥಹಳ್ಳಿಯಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರಿದ್ದಾರೆ. ಅವರು ಗ್ಯಾಸಿನ ಸಿಲಿಂಡರಿನ ಕಡೆಗೆ ನೋಡಲೂ ಇಲ್ಲ. ಎಂಜಿನನ್ನು ಹೊರಡಿಸಿ, ತಂಪುಯಂತ್ರವನ್ನು ಹಾಕಿ, ಬೀಸಣಿಗೆಯ ಮುಂದೆ ಕೈಕಟ್ಟಿ ನಿಂತರು. ಅದು ತಿರುಗಲಿಲ್ಲ. ತಂತಿಗೆ ದೀಪವೊಂದನ್ನು ತಗುಲಿಸಿ ವಿದ್ಯುತ್ತು ಬರುತ್ತಿದೆಯೆಂದು ನೋಡಿಕೊಂಡರು. ಬಳಿಕ ಮೋಟಾರಿನ ಬೆನ್ನನ್ನು ಸ್ಪ್ಯಾನರಿನ ಹಿಡಿಯಿಂದ ಮೆಲ್ಲನೆ ಎರಡೇಟು ತಟ್ಟಿದರು. ಬೀಸಣಿಗೆ ಎಚ್ಚತ್ತಂತೆ ಹೊರಳಿತು. ‘ಇದ್ದಿಲು ಸವೆದಿದೆ’ ಎಂದರು. ಮೋಟಾರಿನೊಳಗೆ ವಿದ್ಯುತ್ತನ್ನು ಮುಟ್ಟಿಸುವ ಇಂಗಾಲದ ತುಂಡುಗಳೆರಡು ಕಡಲೆಯ ಬೇಳೆಯಷ್ಟಾಗಿದ್ದವು. ಒಮ್ಮೆ ತಾಕುವುದು, ಒಮ್ಮೆ ಬಿಡುವುದು. ಆಮೇಲೆ ಗ್ಯಾಸನ್ನೂ ಹೊರತೆಗೆದು ತೂಗಿದರು. ಬಾನೆಟ್ಟಿನ ಒಳಗಿನ ಚೀಟಿಯಲ್ಲಿ ಬರೆದಿದ್ದುದಕ್ಕಿಂತ ಅದು ಹೆಚ್ಚಾಗಿಯೇ ಇತ್ತು. ಹೆಚ್ಚಾದ ಗ್ಯಾಸಿನಿಂದ ಒತ್ತಡವೇರಿ ತಂಪು ಇನ್ನೂ ಕುಗ್ಗುತ್ತದೆಂದು ಅವರೇ ವಿವರಿಸಿದರು. ಎಮ್ಮೆಯ ಮೇಲೆ ಬರೆ ಬಿದ್ದುದು ಹೀಗೆ.

ಸಣ್ಣ ಪುಟ್ಟ ಲಕ್ಷಣಗಳನ್ನೂ ಅವರಿಂದಲೇ ಕೇಳಿ ತಿಳಿದುಕೊಂಡೆ. ಕಾರಿನೊಳಗೆ ಸಿಹಿಯಾದ ವಾಸನೆ ಬಂದು ಗಾಜಿನ ಒಳಮೈಗೆ ಜಿಡ್ಡು ಮಂಜು ಕಟ್ಟಿದರೆ ಹೀಟರಿನ ಪುಟ್ಟ ರೇಡಿಯೇಟರು ಸೋರುತ್ತಿದೆ. ಕೂಲೆಂಟೆಂಬ ಬಣ್ಣದ ದ್ರವದಲ್ಲಿ ಗ್ಲೈಕಾಲಿರುವುದರಿಂದ ಆ ಸಿಹಿ. ಅದು ವಿಷ, ನಾಯಿಗಳು ನೆಕ್ಕಿದರೆ ಸಾಯುತ್ತವೆ. ಎಂಜಿನಿನ ಎಣ್ಣೆ ಕಾಫಿಗೆ ಹಾಲು ಬೆರೆಸಿದಂತೆ ಕಂಡರೆ ಒಳಗೆಲ್ಲಿಯೋ ನೀರೂ ಎಣ್ಣೆಯೂ ಕಲೆತಿವೆ. ಮುಂದೆ ಒಂದು ಮೈಲಿಯನ್ನೂ ಓಡಿಸಬಾರದು. ಗಾಳಿ ತಣ್ಣಗಿದ್ದು ರಭಸ ಕುಂದಿದರೆ ಒಳಗಿನ ಜರಡಿಯಲ್ಲಿ ಧೂಳು. ಬೇಸಗೆಯಲ್ಲಿ ನಿಂತ ಕಾರಿನ ಕೆಳಗೆ ಶುದ್ಧವಾದ ನೀರು ತೊಟ್ಟಿಕ್ಕುವುದನ್ನು ಕಂಡು ಹೆದರುವವರು ಬಹಳ. ಅದು ಒಳಗಾಳಿಯ ತೇವವು ತಣ್ಣನೆಯ ಜಾಲರಿಯ ಮೇಲೆ ಬೆವೆತು ಇಳಿದುದು. ತೊಟ್ಟಿಕ್ಕದೆ ಹೋಗಿ ಕಾಲಡಿಯ ಚಾಪೆ ನೆನೆದರೆ ಆಗ ಚಿಂತಿಸಬೇಕು, ಕೊಳವೆ ಕಟ್ಟಿದೆ. ಆಷಾಢದ ಮಳೆಯಲ್ಲಿ ಗಾಜು ಮಸಕಾದರೆ ಏಸಿಯನ್ನೂ ಹೀಟರನ್ನೂ ಒಟ್ಟಿಗೇ ಹಾಕಬೇಕು. ಒಂದು ಗಾಳಿಯ ತೇವವನ್ನು ಕಳೆಯುತ್ತದೆ, ಇನ್ನೊಂದು ಗಾಜನ್ನು ಬೆಚ್ಚಗಿಡುತ್ತದೆ. ನಮ್ಮ ಆಗುಂಬೆಯ ದಾರಿಗೆ ಇದಕ್ಕಿಂತ ಮೇಲಾದ ಸಲಹೆಯನ್ನು ನಾನು ಕೇಳಿಲ್ಲ.

ಹೊಸ ಇದ್ದಿಲಿನ ತುಂಡುಗಳಿಗೂ ಕೂಲಿಗೂ ಸೇರಿ ಮೇಸ್ತ್ರಿಯವರು ಕೇಳಿದ ಹಣ, ಹಿಂದಿನ ಅಂಗಡಿಯವರು ಗ್ಯಾಸಿಗೆ ಪಡೆದುದರಲ್ಲಿ ಕಾಲುಭಾಗವೂ ಅಲ್ಲ. ಈಗ ತಿಂಗಳಿಗೊಮ್ಮೆ ಅಂಗಳದಲ್ಲಿ ಎಂಜಿನನ್ನು ಹೊರಡಿಸಿ, ಏಸಿ ಹಾಕಿ, ಬಾನೆಟ್ಟನ್ನೆತ್ತಿ, ಕೈಯನ್ನು ದೂರವಿಟ್ಟುಕೊಂಡು ನಿಲ್ಲುತ್ತೇನೆ. ನಿಮಿಷ ಕಳೆಯುವುದರೊಳಗಾಗಿ ಬೀಸಣಿಗೆ ತಿರುಗಬೇಕು. ತಂದೆಯವರು ಜಗಲಿಯಿಂದ ‘ತಿರುಗಿತೇ?’ ಎಂದು ವಿಚಾರಿಸುತ್ತಾರೆ.